ಮನೋವೈದ್ಯದ ಕನ್ನಡ ಪರಿಭಾಷೆ: ಒಂದು ವಿಮರ್ಶೆ

ಕನ್ನಡದಲ್ಲಿ ವೈದ್ಯಶಾಸ್ತ್ರವನ್ನು ಬರೆಯಲು ಸಾಧ್ಯವೇ ಎಂಬ ಪ್ರಶ್ನೆ ಹಳೆಯದಾಯಿತು. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗಲೇ ಅದಕ್ಕೆ ಉತ್ತರ ದೊರೆತಿತ್ತು. ‘ಕೊರವಂಜಿ’ಯ ಮೂಲಕ ನಾಡನ್ನೆಲ್ಲ ನಗಿಸಿದ ‘ರಾಶಿ’ಯವರು ಮನೋವೈದ್ಯವನ್ನು ಕುರಿತು ಬರೆದ ಗ್ರಂಥವು ಸಾಹಿತ್ಯವೆಂದೇ ಮಾನ್ಯವಾದುದು ಅಲ್ಪ ಸಂಗತಿಯಲ್ಲ. ಹೆಣ್ಣುಮಕ್ಕಳಿಗೆ ಅವರ ದೇಹದ ವಿಚಾರವನ್ನು ಸಂಕೋಚವಿಲ್ಲದೆ ತಿಳಿಯಹೇಳಿದ ಡಾ. ಅನುಪಮಾ ನಿರಂಜನ, ವೈದ್ಯಪದಗಳ ಹುಟ್ಟನ್ನೂ ರಚನೆಯನ್ನೂ ಕುರಿತು ಪುಸ್ತಕವನ್ನೇ ಬರೆದ ಡಾ. ಡಿ. ಎಸ್. ಶಿವಪ್ಪ, ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದುಕೊಂಡು ಮನಸ್ಸಿನ ಕಾಯಿಲೆಗಳ ಬಗೆಗೆ ಲೆಕ್ಕವಿಲ್ಲದಷ್ಟು ಕಿರುಹೊತ್ತಗೆಗಳನ್ನು ರಚಿಸಿದ ಡಾ. ಸಿ. ಆರ್. ಚಂದ್ರಶೇಖರ್ ಮೊದಲಾದವರ ದುಡಿಮೆಯಿಂದ ಆ ದಾರಿ ಇಂದು ಹೆದ್ದಾರಿಯಾಗಿದೆ. ಆದ್ದರಿಂದ ಈಗ ಕೇಳಬೇಕಾದ ಪ್ರಶ್ನೆ ಬೇರೆ. ಹೀಗೆ ಬರೆದ ಪದವು ರೋಗಿಯ ಮನೆಯ ನಡುಮನೆಯಲ್ಲಿ ಹೇಗೆ ಕೇಳಿಸುತ್ತದೆ? ಈ ಪ್ರಶ್ನೆಗೆ ನಾವು ಬಂದುದು ಗ್ರಂಥಾಲಯದ ದಾರಿಯಿಂದಲ್ಲ. ನಾವೇ ಮಾಡಿದ ಒಂದು ತಪ್ಪಿನ ದಾರಿಯಿಂದ.

ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿಯ ಸಮೀಪದ ಶೆಟ್ಟಿಹಳ್ಳಿ ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ಸುತ್ತಣ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಅನೇಕರು ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಭಕ್ತರ ಮನೆಗೆ ಪಾದಪೂಜೆಗೆಂದು ಹೋಗಿದ್ದೆವು. ಪೂಜೆ ಮುಗಿದು ಪ್ರಸಾದವಾದ ಮೇಲೆ ಮನೆಯ ಯಜಮಾನರು ಒಂದು ಅಚ್ಚಾದ ಹಾಳೆಯನ್ನು ತಂದು ನಮ್ಮ ಮುಂದಿಟ್ಟರು. ಅವರ ಎರಡನೆಯ ಮಗ ಕಾಲೇಜು ಬಿಟ್ಟು, ಕೋಣೆಯ ಕದ ಹಾಕಿಕೊಂಡು, ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದ. ವೈದ್ಯರಿಗೆ ತೋರಿಸಿ ಬಂದಿದ್ದರು. ಹಾಳೆಯಲ್ಲಿ ‘ಇಚ್ಛಿತ್ತವಿಕಲತೆ’ ಎಂಬ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿತ್ತು.

“ಬುದ್ಧೀ, ಇದರ ಅರ್ಥ ಏನು? ಇಚ್ಛೆಯಿಂದ ಬಂದದ್ದು ಅಂತಲೇ? ಹಾಗಾದರೆ ಅವನೇ ಬೇಕು ಅಂತ ಮಾಡಿಕೊಂಡದ್ದೇ?” ಎಂದು ಅವರು ಕೇಳಿದರು. ಎರಡು ತಿಂಗಳಿಂದ ಹಾಗೆಂದುಕೊಂಡೇ ಮಗನನ್ನು ಬೈಯುತ್ತಿದ್ದರಂತೆ.

ನಮಗೆ ಒಳಗೊಳಗೆ ಉತ್ಸಾಹವೇ ಬಂತೆಂದು ಒಪ್ಪಿಕೊಳ್ಳಬೇಕು. ವ್ಯಾಕರಣದ ಪ್ರಶ್ನೆ ಯಾರ ಬಾಯಿಂದ ಬಂದರೂ ಪಂಡಿತನಿಗೆ ಹಬ್ಬ. ಅಲ್ಲಿರುವ ಮಹಾಪ್ರಾಣ ಅಚ್ಚಿನ ತಪ್ಪು, ‘ಇಚ್ಛೆ’ಗೂ ಈ ಪದಕ್ಕೂ ಸಂಬಂಧವಿಲ್ಲ, ‘ಇರ್’ ಎಂದರೆ ಎರಡು, ಇಕ್ಕೆಲ, ಇಬ್ಬಗೆ, ಇಮ್ಮಡಿ ಎಂಬಲ್ಲಿರುವಂತೆ, ಅದಕ್ಕೆ ‘ಚಿತ್ತ’ ಸೇರಿ ‘ಇಚ್ಚಿತ್ತ’ವಾಯಿತು, ಎರಡಾಗಿ ಒಡೆದ ಚಿತ್ತದ ವಿಕಲತೆ ಎಂದರ್ಥ. ಇಷ್ಟನ್ನೂ ಸಾವಧಾನವಾಗಿ ವಿವರಿಸಿ, ನಮ್ಮ ಪಾಂಡಿತ್ಯಕ್ಕೆ ನಾವೇ ತಲೆದೂಗಿ ಮಠಕ್ಕೆ ಹಿಂದಿರುಗಿದೆವು. ಪದದ ಬಿಡಿಸುವಿಕೆಯಲ್ಲಿ ದೋಷವಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಹುಡುಗನ ತಾಯಿಗೆ ಮಾತ್ರ ಅದು ಬೇರೆಯಾಗಿ ಕೇಳಿಸಿತ್ತು. ಚಿತ್ತ ಎರಡು ಎಂದರೆ ಒಂದು ನನ್ನ ಮಗನದು, ಇನ್ನೊಂದು ಯಾರದು? ಇನ್ನೊಬ್ಬರು ಒಳಹೊಕ್ಕಿದ್ದಾರೆ ಎಂದು ಸ್ವಾಮಿಗಳೇ ಹೇಳಿದ ಮೇಲೆ ಮಾತ್ರೆ ಏಕೆ? ಮಾತ್ರೆ ನಿಂತಿತು; ಯಂತ್ರ ಕಟ್ಟಿಸಿದರು; ‘ಬಿಡಿಸುವವರ’ ಬಳಿಗೆ ಕರೆದೊಯ್ದರು. ನಾಲ್ಕು ತಿಂಗಳ ತರುವಾಯ ನಮಗೆ ಸುದ್ದಿ ತಿಳಿಯುವಷ್ಟರಲ್ಲಿ ಹುಡುಗ ಅನ್ನ ಬಿಟ್ಟು ಆಸ್ಪತ್ರೆ ಸೇರಿದ್ದ.

ಈ ಪದದ ಪೂರ್ವಕಥೆಯನ್ನು ನಾವು ಹುಡುಕಿ ಓದಿದುದು ಆಮೇಲೆ. ಸ್ಕಿಜೋಫ್ರೀನಿಯ ಎಂಬ ಹೆಸರನ್ನು 1908ರಲ್ಲಿ ಬಳಕೆಗೆ ತಂದವರು ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್. ಗ್ರೀಕಿನಲ್ಲಿ ಮೊದಲ ಭಾಗಕ್ಕೆ ಸೀಳುವುದೆಂದೂ ಎರಡನೆಯದಕ್ಕೆ ಮನಸ್ಸೆಂದೂ ಅರ್ಥ. ಅದಕ್ಕೂ ಮುಂಚೆ ಜರ್ಮನಿಯ ಎಮಿಲ್ ಕ್ರೆಪೆಲಿನ್ ಈ ರೋಗವನ್ನು ಎಳೆತನದಲ್ಲೇ ಬರುವ ಬುದ್ಧಿನಾಶವೆಂಬ ಅರ್ಥದ ಹೆಸರಿನಿಂದ ಕರೆದಿದ್ದರು. ಎಲ್ಲ ರೋಗಿಗಳಿಗೂ ಬುದ್ಧಿ ನಾಶವಾಗುವುದಿಲ್ಲ, ಎಲ್ಲರಿಗೂ ಎಳೆತನದಲ್ಲೇ ಬರುವುದೂ ಇಲ್ಲ ಎಂದು ಕಂಡುಕೊಂಡ ಬ್ಲಾಯ್ಲರ್, ಆ ಹತಾಶೆಯ ಹೆಸರನ್ನು ತೆಗೆಯಬೇಕೆಂದೇ ಹೊಸದನ್ನು ಕಟ್ಟಿದರು. ಅವರು ಸೀಳು ಎಂದುದು ಒಬ್ಬ ಮನುಷ್ಯ ಇಬ್ಬರಾಗುವುದನ್ನಲ್ಲ. ಆಲೋಚನೆ, ಭಾವ, ಸಂಕಲ್ಪಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಬೇರೆ ಬೇರೆ ಕಡೆಗೆ ಜಗ್ಗಿದಂತೆ ಹೊಂದಿಕೆ ತಪ್ಪುವುದನ್ನು. ಆದರೆ ಹೆಸರು ಊರೂರು ತಿರುಗುವಾಗ ವಿವರಣೆ ಅದರ ಜೊತೆಗೆ ಬರುವುದಿಲ್ಲ. ಯೂರೋಪಿನಲ್ಲೇ ಜನರು ಅದನ್ನು ‘ಎರಡು ವ್ಯಕ್ತಿತ್ವ’ ಎಂದು ತಪ್ಪಾಗಿ ತಿಳಿದರು. ನಮ್ಮ ಪದನಿರ್ಮಾತೃಗಳು ರೋಗವನ್ನು ನೋಡಿ ಹೆಸರಿಡುವ ಬದಲು ಗ್ರೀಕಿನ ಧಾತುವನ್ನು ನೋಡಿ ಹೆಸರಿಟ್ಟರು; ಅಲ್ಲಿನ ತಪ್ಪು ತಿಳಿವಳಿಕೆಯೂ ಪದದ ಜೊತೆಗೇ ಇಲ್ಲಿಗೆ ಬಂತು. ‘ಛಿದ್ರಮನಸ್ಕತೆ’ ಎಂದು ಬರೆಯುವವರ ಪಾಡೂ ಇದೇ. ಕನ್ನಡಕ್ಕೆ ಸಂಸ್ಕೃತ ಕೂಡಿ ಅರಿಸಮಾಸವಾಯಿತೆಂದು ವೈಯಾಕರಣರು ಮೂಗು ಮುರಿಯಬಹುದು; ನಮ್ಮ ಆಕ್ಷೇಪ ಅದಲ್ಲ.

ಜಪಾನಿನವರಿಗೂ ಇದೇ ಕಷ್ಟ ಒದಗಿತ್ತು. ಅವರ ಭಾಷೆಯಲ್ಲಿ ಈ ರೋಗಕ್ಕಿದ್ದ ಹೆಸರಿನ ಅರ್ಥ ‘ಮನಸ್ಸು ಸೀಳಿದ ರೋಗ’. ರೋಗಿಗಳ ಮನೆಯವರ ಸಂಘವು 1993ರಲ್ಲಿ ಹೆಸರು ಬದಲಿಸಬೇಕೆಂದು ವೈದ್ಯರನ್ನು ಕೇಳಿತು. ಚರ್ಚೆಯೆಲ್ಲ ಮುಗಿದು 2002ರಲ್ಲಿ ‘ಸಮನ್ವಯ ತಪ್ಪಿದ ಸ್ಥಿತಿ’ ಎಂಬ ಅರ್ಥದ ಹೊಸ ಹೆಸರು ಬಂತು. ಅಲ್ಲಿಯವರೆಗೆ ನೂರಕ್ಕೆ ಸುಮಾರು 37 ರೋಗಿಗಳಿಗೆ ಮಾತ್ರ ವೈದ್ಯರು ರೋಗದ ಹೆಸರನ್ನು ಹೇಳುತ್ತಿದ್ದರಂತೆ. ಎರಡು ಮೂರು ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 70ಕ್ಕೆ ಏರಿತು. ಮದ್ದು ಬದಲಾಗಿರಲಿಲ್ಲ, ಹೇಳಲು ಬಾಯಿ ಬರುವಂಥ ಹೆಸರು ಸಿಕ್ಕಿತ್ತು.

ಹೆಸರನ್ನು ಬಿಟ್ಟು ರೋಗವನ್ನು ನೋಡುವ ಪರಿಪಾಠ ನಮಗೆ ಹೊಸದೇನಲ್ಲ. ಚರಕಸಂಹಿತೆಯ ನಿದಾನಸ್ಥಾನದ ಏಳನೆಯ ಅಧ್ಯಾಯ ಉನ್ಮಾದವನ್ನು ಕುರಿತದ್ದು. ಅಲ್ಲಿ ಉನ್ಮಾದದ ಲಕ್ಷಣ ಹೇಳುವಾಗ ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರಲ್ಲಿ ಉಂಟಾಗುವ ವಿಭ್ರಮವನ್ನು ಎಣಿಸಲಾಗಿದೆ. ವೈದ್ಯನು ರೋಗಿಯ ಎದುರು ಕುಳಿತು ಒಂದೊಂದಾಗಿ ನೋಡಬಹುದಾದ ಎಂಟು ಎಡೆಗಳಿವು. ಓದುಗರಾದ ಭಕ್ತರಿಗೆ ಒಂದು ಮಾತು: ಇಲ್ಲಿಯ ‘ಭಕ್ತಿ’ಗೆ ಒಲವು, ಇಷ್ಟ ಎಂದಷ್ಟೇ ಅರ್ಥ. ನಿನ್ನೆಯವರೆಗೆ ರುಚಿಸುತ್ತಿದ್ದುದು ಇಂದು ಬೇಡವಾಗುವುದನ್ನು ಚರಕನು ರೋಗದ ಕುರುಹೆಂದು ಗುರುತಿಸುತ್ತಾನೆ. ಒಂದೇ ಪದಕ್ಕೆ ಶಾಸ್ತ್ರ ಬದಲಾದರೆ ಅರ್ಥ ಬದಲಾಗುತ್ತದೆ. ಶರಣರ ಷಟ್‌ಸ್ಥಲದಲ್ಲಿಯೂ ಸುಚಿತ್ತ, ಸುಬುದ್ಧಿ, ನಿರಹಂಕಾರ, ಸುಮನ, ಸುಜ್ಞಾನ, ಸದ್ಭಾವ ಎಂದು ಆರು ಹಸ್ತಗಳನ್ನು ಹೇಳಿ ಒಂದೊಂದು ಸ್ಥಲಕ್ಕೆ ಒಂದೊಂದನ್ನು ಇಟ್ಟಿದೆ. ಅಲ್ಲಿ ಚಿತ್ತ ಬೇರೆ, ಬುದ್ಧಿ ಬೇರೆ, ಮನ ಬೇರೆ. ಚಿತ್ತವೆಂದರೆ ಇಡೀ ಮನುಷ್ಯನಲ್ಲ. ಇಷ್ಟನ್ನು ಮಠದಲ್ಲಿ ಕಲಿತಿದ್ದೂ ಶೆಟ್ಟಿಹಳ್ಳಿಯಲ್ಲಿ ನಮಗೆ ನೆನಪಾಗಲಿಲ್ಲ.

ಪರಿಭಾಷೆಯಲ್ಲಿ ಇದಕ್ಕಿಂತ ಹೆಚ್ಚು ಗೊಂದಲವಿರುವುದು ‘ಭ್ರಮೆ’, ‘ಭ್ರಾಂತಿ’ಗಳ ವಿಷಯದಲ್ಲಿ. ಇಲ್ಲದ ದನಿ ಕೇಳಿಸುವುದನ್ನು ಒಂದು ಪುಸ್ತಕ ಭ್ರಮೆ ಎಂದರೆ ಇನ್ನೊಂದು ಭ್ರಾಂತಿ ಎನ್ನುತ್ತದೆ. ‘ನೆರೆಮನೆಯವರು ನನ್ನ ಅನ್ನಕ್ಕೆ ವಿಷ ಹಾಕುತ್ತಿದ್ದಾರೆ’ ಎಂಬ ಅಳಿಸಲಾಗದ ನಂಬಿಕೆಗೂ ಇವೇ ಎರಡು ಪದಗಳು ಅದಲುಬದಲಾಗಿ ಬರುತ್ತವೆ. ವೇದಾಂತ ಓದಿದವರಿಗೆ ಇನ್ನೊಂದು ತೊಡಕು. ನಮ್ಮ ಭ್ರಾಂತಿಯ ಪ್ರಸಿದ್ಧ ದೃಷ್ಟಾಂತ ಹಗ್ಗದಲ್ಲಿ ಹಾವನ್ನು ಕಾಣುವುದು. ಅಲ್ಲಿ ಹಗ್ಗವೆಂಬ ಅಧಿಷ್ಠಾನ ಇದೆ. ದೀಪ ತಂದರೆ ಹಾವು ಹೋಗಿ ಹಗ್ಗ ಉಳಿಯುತ್ತದೆ. ರೋಗಿಗೆ ಕೇಳಿಸುವ ದನಿಗೆ ಹೊರಗೆ ಯಾವ ಅಧಿಷ್ಠಾನವೂ ಇಲ್ಲ, ಯಾವ ದೀಪ ತಂದರೂ ಅದು ಹೋಗದು. ಎರಡನ್ನೂ ಭ್ರಾಂತಿ ಎಂದರೆ, ತಿಳಿಯಹೇಳಿದರೆ ಸರಿಹೋಗುತ್ತದೆ ಎಂಬ ಆಸೆ ಮನೆಯವರಲ್ಲಿ ಹುಟ್ಟುತ್ತದೆ. ಅವರು ಹೇಳುತ್ತಲೇ ಇರುತ್ತಾರೆ, ಅವನು ಕೇಳುತ್ತಲೇ ಇರುತ್ತಾನೆ.

ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ಈಗ ಮನೋವೈದ್ಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕರು. “ಭ್ರಮೆ ಇದೆಯೇ ಎಂದು ಕೇಳಿದರೆ ಯಾವ ರೋಗಿಯೂ ಇದೆ ಎನ್ನುವುದಿಲ್ಲ, ಬುದ್ಧಿ. ಅದು ಅವನಿಗೆ ಬೈಗುಳ. ‘ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೇನಪ್ಪ’ ಎಂದರೆ ಹೂಂ ಎನ್ನುತ್ತಾನೆ” ಎಂದರು. ಪಾರಿಭಾಷಿಕ ಪದ ವೈದ್ಯ ವೈದ್ಯರ ನಡುವೆ ಇರಲಿ, ಅಲ್ಲಿ ಅದು ಅಗತ್ಯ; ರೋಗಿಯ ಮುಂದೆ ಅದು ಕ್ರಿಯಾಪದವಾಗಬೇಕು ಎಂಬುದು ಅವರ ಅಭಿಪ್ರಾಯ. ನಮ್ಮದೂ ಅದೇ.

ಇನ್ನು ‘ಖಿನ್ನತೆ’. ಇದು ಈಗ ಎಲ್ಲರ ಬಾಯಲ್ಲಿರುವ ಪದ. ಧ್ವನಿಯಲ್ಲಿ ಗಂಭೀರವಾಗಿದೆ, ಯಾರನ್ನೂ ಹೀಗಳೆಯುವುದಿಲ್ಲ. ತೊಂದರೆ ಎಂದರೆ ಚುನಾವಣೆಯಲ್ಲಿ ಸೋತ ಅಭ್ಯರ್ಥಿಯೂ ಖಿನ್ನನಾಗುತ್ತಾನೆ, ಪಂದ್ಯ ಸೋತ ತಂಡವೂ ಖಿನ್ನವಾಗುತ್ತದೆ. ಕಾವ್ಯದಲ್ಲಿ ಖಿನ್ನತೆ ಬಂದು ಹೋಗುವ ಭಾವ. ವೈದ್ಯದಲ್ಲಿ ಅದು ಎರಡು ವಾರಕ್ಕೂ ಮಿಕ್ಕಿ ನಿದ್ರೆ, ಹಸಿವು, ದುಡಿಮೆಗಳನ್ನೆಲ್ಲ ಕಿತ್ತುಕೊಂಡು ಕೂರುವ ರೋಗ. ಅದಿರಲಿ, ನಮ್ಮ ಹೆಣ್ಣುಮಕ್ಕಳು ಈ ಪದವನ್ನು ತಮಗೆ ಹಚ್ಚಿಕೊಳ್ಳುವುದೇ ಇಲ್ಲ. ಅವರು ಹೇಳುವುದು ‘ಬೇಜಾರು’, ‘ಎದೆ ಭಾರ’, ‘ಮೈಯೆಲ್ಲ ಉರಿ’, ‘ಕೈಕಾಲಲ್ಲಿ ಸತುವಿಲ್ಲ’. ಬೆಂಗಳೂರಿನ ಹೊರರೋಗಿಗಳಲ್ಲಿ ಆರ್. ರಘುರಾಂ, ಮಿಚೆಲ್ ವೈಸ್, ಎಸ್. ಎಂ. ಚನ್ನಬಸವಣ್ಣ ಮೊದಲಾದವರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 80 ರೋಗಿಗಳನ್ನು ವಿಚಾರಿಸಿ ಅವರು ಕಂಡದ್ದು ಇದು: ಮನಸ್ಸಿನ ದುಃಖವನ್ನು ಹೇಳಿಕೊಂಡಷ್ಟೂ ಕಳಂಕದ ಭಯ ಹೆಚ್ಚು, ಮೈಯ ನೋವನ್ನು ಹೇಳಿಕೊಂಡಷ್ಟೂ ಅದು ಕಡಿಮೆ. ಹೊಟ್ಟೆಯುರಿ, ತಲೆನೋವು ಎಲ್ಲರಿಗೂ ಬರುತ್ತದೆ. ಮನಸ್ಸು ಕೆಟ್ಟಿತೆಂದರೆ ಮಗಳ ಮದುವೆ ನಿಲ್ಲುತ್ತದೆ. ಹೆಂಗಸರು ಅಜ್ಞಾನದಿಂದ ದೇಹದ ಭಾಷೆ ಆಡುತ್ತಾರೆಂದು ಬರೆಯುವವರು ಇದನ್ನು ಗಮನಿಸಬೇಕು. ಅದು ಅಜ್ಞಾನವಲ್ಲ, ಎಚ್ಚರ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣ ಬೇರೆ ಬೇರೆ ರೋಗಗಳಲ್ಲಿ ಶೇ. 70ರಿಂದ 92ರವರೆಗಿತ್ತು. ಹಣವಿಲ್ಲದಿರುವುದು, ವೈದ್ಯರು ದೂರವಿರುವುದು ಕಾರಣಗಳು ಹೌದು. ಹೇಳಿಕೊಳ್ಳಲು ಮಾತು ಸಿಗದಿರುವುದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಕಳಂಕವು ಪುರಾಣದ ಮೂಲಕವೂ ಪದವನ್ನು ಹೊಕ್ಕುತ್ತದೆ ಎಂಬುದಕ್ಕೆ ‘ಅಪಸ್ಮಾರ’ ಸಾಕ್ಷಿ. ಸ್ಮೃತಿ ತಪ್ಪುವುದು ಎಂಬ ಶುದ್ಧ ವೈದ್ಯಕೀಯ ಅರ್ಥದಲ್ಲಿ ಆಯುರ್ವೇದ ಅದನ್ನು ಬಳಸಿತು. ಆದರೆ ನಟರಾಜನ ಪಾದದಡಿ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರನೇ. ಅಜ್ಞಾನದ ಪ್ರತೀಕವಾಗಿ ಶಿಲ್ಪಿ ಅವನನ್ನು ಅಲ್ಲಿ ಮಲಗಿಸಿದ. ಮೂರ್ಛೆ ಬೀಳುವ ಮಗುವಿನ ತಾಯಿ ದೇವಾಲಯದಲ್ಲಿ ಆ ಮೂರ್ತಿಗೆ ಕೈಮುಗಿದು ನಿಂತಾಗ, ಪಕ್ಕದಲ್ಲಿ ಯಾರೋ ಆ ಹೆಸರನ್ನು ಬಿಡಿಸಿ ಹೇಳಿದರೆ ಅವಳಿಗೆ ಏನನ್ನಿಸೀತು? ಜನರ ಬಾಯಲ್ಲಿರುವ ‘ಮೂರ್ಛೆರೋಗ’, ‘ಫಿಟ್ಸ್’ ಇವುಗಳೇ ಮೇಲು. ಕಂಡದ್ದನ್ನು ಕಂಡಷ್ಟೇ ಹೇಳುತ್ತವೆ. ಹಿಡಿಯುವುದು ಎಂಬ ಭಾವ ಮಾತ್ರ ಎಲ್ಲ ಕಡೆಯೂ ಇದೆ. ಗ್ರೀಕರ ಎಪಿಲೆಪ್ಸಿಗೂ ಸಂಸ್ಕೃತದ ‘ಗ್ರಹ’ಕ್ಕೂ ಹಿಡಿತವೆಂಬುದೇ ಅರ್ಥ. ಕನ್ನಡದಲ್ಲಿಯೂ ಜ್ವರ ಬರುತ್ತದೆ, ನೆಗಡಿ ಆಗುತ್ತದೆ. ಹುಚ್ಚು ಮಾತ್ರ ಹಿಡಿಯುತ್ತದೆ. ಹಿಡಿದುದನ್ನು ಬಿಡಿಸಬೇಕಾದ್ದರಿಂದ ಬಿಡಿಸುವವರು ಹುಟ್ಟಿಕೊಳ್ಳುತ್ತಾರೆ. ಬಿದ್ದವನ ಕೈಗೆ ಬೀಗದ ಕೈಗೊಂಚಲು ಬರುತ್ತದೆ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಇಡದೆ ಕಾಯಬೇಕೆಂಬುದಷ್ಟೇ ವೈದ್ಯರ ಮಾತು. ಕಾನೂನೂ ಈ ರೋಗವನ್ನು ಉನ್ಮಾದದ ಸಾಲಿನಲ್ಲಿ ಕೂರಿಸಿತ್ತು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಿದ್ದುಪಡಿಯಾದಾಗ ಮತ್ತೆ ಮತ್ತೆ ಮೂರ್ಛೆ ಬರುವವರನ್ನೂ ವಿವಾಹಕ್ಕೆ ಅನರ್ಹರ ಪಟ್ಟಿಗೆ ಸೇರಿಸಲಾಯಿತು. 1999ರ ತಿದ್ದುಪಡಿ ಆ ಒಂದು ಪದವನ್ನು ತೆಗೆದುಹಾಕಿತು. ನಡುವಣ ಇಪ್ಪತ್ತಮೂರು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಮಾತ್ರೆಗಳನ್ನು ಮುಚ್ಚಿಟ್ಟು ಮದುವೆ ಮಾಡಿದರೋ ಶಿವನೇ ಬಲ್ಲ.

‘ಅಗ್ನಿಮಾಂದ್ಯ’ದ ಮಾದರಿಯಲ್ಲಿ ಕಟ್ಟಿದ ‘ಬುದ್ಧಿಮಾಂದ್ಯ’ ರಚನೆಯಲ್ಲಿ ಚೆಲುವಾದ ಪದ. ‘ಬುದ್ಧಿಮಾಂದ್ಯ ಮಗು’ ಎಂದು ಮಗುವಿನ ಹಣೆಗೇ ಅಂಟಿಕೊಂಡಾಗ ಚೆಲುವು ಉಳಿಯಲಿಲ್ಲ. ‘ನರ’ದ ಕಥೆ ಇನ್ನೂ ವಿಚಿತ್ರ. ರಕ್ತನಾಳವೂ ನರವೇ, ಸ್ನಾಯುಬಂಧವೂ ನರವೇ, ಮೆದುಳಿನಿಂದ ಹೊರಟ ತಂತುವೂ ನರವೇ. ಬಸ್ ನಿಲ್ದಾಣದ ಗೋಡೆಯ ಜಾಹೀರಾತಿನ ‘ನರದೌರ್ಬಲ್ಯ’ ಯಾವುದೆಂದು ಈ ಪತ್ರಿಕೆಯಲ್ಲಿ ವಿವರಿಸುವುದು ಬೇಡ. ಇದರಿಂದಾಗಿ ‘ನರದ ಡಾಕ್ಟರ ಹತ್ತಿರ ಹೋಗಿ’ ಎಂದರೆ ಯುವಕರು ನಾಚಿ ಹಿಂದೆಗೆಯುತ್ತಾರೆ.

ಹೆಸರು ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಆಸ್ಪತ್ರೆ 1925ರಲ್ಲಿ ‘ಅಸೈಲಂ’ ಎಂಬುದನ್ನು ಬಿಟ್ಟು ‘ಮೆಂಟಲ್ ಹಾಸ್ಪಿಟಲ್’ ಆಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಇಂದು ಬೆಂಗಳೂರಿನ ಹುಡುಗರು ಜಗಳವಾಡುವಾಗ ‘ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎನ್ನುತ್ತಾರೆ. ಉತ್ತರ ಕರ್ನಾಟಕದವರು ಇದೇ ಮಾತಿಗೆ ಧಾರವಾಡದ ಹೆಸರು ಹೇಳುತ್ತಾರೆ. ಕಾಯಿದೆಯೂ 1912ರಲ್ಲಿ ‘ಲ್ಯೂನಸಿ’ಯ ಕಾಯಿದೆಯಾಗಿದ್ದುದು 1987ರಲ್ಲಿ ಮಾನಸಿಕ ಆರೋಗ್ಯದ, 2017ರಲ್ಲಿ ಮಾನಸಿಕ ಆರೋಗ್ಯರಕ್ಷಣೆಯ ಕಾಯಿದೆಯಾಯಿತು. ಎಷ್ಟು ತೊಳೆದರೂ ಪದಕ್ಕೆ ಮತ್ತೆ ಮಸಿ ಹತ್ತುತ್ತದೆ. ಆದರೂ ಅಂಗಿಯನ್ನು ಒಗೆಯದೆ ಇರುವವರಿಲ್ಲ.

ಒಳ್ಳೆಯ ಪದ ಯಾವುದು ಎಂದು ಕೇಳಿದರೆ ನಮಗೆ ಥಟ್ಟನೆ ಹೊಳೆಯುವುದು ‘ಗೀಳು’. ಕೈ ತೊಳೆದಷ್ಟೂ ಶುಚಿಯಾಗಲಿಲ್ಲವೆನ್ನಿಸುವುದು, ಬೀಗವನ್ನು ಹತ್ತು ಸಲ ಜಗ್ಗಿ ನೋಡುವುದು, ಬೇಡವೆಂದರೂ ಅದೇ ಯೋಚನೆ ಮರುಕಳಿಸುವುದು, ಇವಕ್ಕೆ ವೈದ್ಯಲೇಖಕರು ಗ್ರೀಕನ್ನೂ ಲ್ಯಾಟಿನನ್ನೂ ನೋಡದೆ ಜನರ ಬಾಯಿಂದ ಈ ಪದವನ್ನು ಎತ್ತಿಕೊಂಡರು. ಎರಡಕ್ಷರ, ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ನಮ್ಮಲ್ಲಿ ‘ಮಡಿ ಹುಚ್ಚು’ ಎಂದು ಗೇಲಿಗೊಳಗಾದ ಎಷ್ಟೋ ಹಿರಿಯರು ನಿಜವಾಗಿ ಈ ರೋಗದಿಂದ ನರಳಿದವರಿರಬೇಕು. ಒಂದೇ ಕೊರತೆ: ಪತ್ರಿಕೆಗಳು ಸಿನಿಮಾ ಗೀಳು, ಮೊಬೈಲ್ ಗೀಳು ಎಂದು ಬರೆದು ಬರೆದು ಅದಕ್ಕೆ ಸುಖದ ಲೇಪ ಹಚ್ಚಿವೆ. ರೋಗದ ಗೀಳಿನಲ್ಲಿ ಸುಖದ ಲೇಶವೂ ಇಲ್ಲ.

ಪುಸ್ತಕದವರನ್ನೂ ಪತ್ರಿಕೆಯವರನ್ನೂ ಆಕ್ಷೇಪಿಸಿ ನಮ್ಮ ಪೀಠಗಳನ್ನು ಬಿಟ್ಟರೆ ವಿಮರ್ಶೆ ಪಕ್ಷಪಾತವಾದೀತು. ಭವರೋಗವೆಂಬ ರೂಪಕ ನಮ್ಮದು. ಗುರುವೇ ಅದಕ್ಕೆ ವೈದ್ಯ ಎನ್ನುವುದು ನಮ್ಮ ಪರಂಪರೆ. ಆ ರೂಪಕ ರೂಪಕವಾಗಿ ಇರುವಷ್ಟು ಕಾಲ ಸತ್ಯ. ಆದರೆ ವೇದಿಕೆ ಹತ್ತಿದ ನಾವು, ಎಲ್ಲ ಕಾಯಿಲೆಗೂ ಮನಸ್ಸೇ ಮೂಲ, ನಿತ್ಯ ಲಿಂಗಪೂಜೆ ಮಾಡುವವನಿಗೆ ಖಿನ್ನತೆ ಬಾರದು ಎಂದು ಚಪ್ಪಾಳೆಯ ನಡುವೆ ಹೇಳಿಬಿಡುತ್ತೇವೆ. ಕೆಳಗೆ ಕುಳಿತ ಸಾವಿರ ಜನರಲ್ಲಿ ನಿತ್ಯವೂ ಪೂಜೆ ಮಾಡಿ, ಆದರೂ ರಾತ್ರಿಯಿಡೀ ನಿದ್ರೆಯಿಲ್ಲದೆ ಸಾಯುವ ಯೋಚನೆ ಮಾಡುತ್ತಿರುವ ಒಬ್ಬಳು ಇರುತ್ತಾಳೆ. ಅವಳು ಎದ್ದು ಹೋಗುವಾಗ ತನ್ನ ಭಕ್ತಿಯೇ ಸುಳ್ಳೆಂದುಕೊಂಡು ಹೋಗುತ್ತಾಳೆ. ಇಂಥ ಮಾತನ್ನು ನಾವೂ ಆಡಿದ್ದೇವೆ. ಕೆಲವು ವರ್ಷಗಳಿಂದ ಆಡುತ್ತಿಲ್ಲ.

ಶೆಟ್ಟಿಹಳ್ಳಿಯ ಮನೆಗೆ ಕಳೆದ ಶ್ರಾವಣದಲ್ಲಿ ಮತ್ತೆ ಹೋಗಿದ್ದೆವು. ಹುಡುಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಅರ್ಧ ದಿನ ಸ್ನೇಹಿತನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಆ ಹಾಳೆಯ ಪದದ ಬಗೆಗೆ ನಾವು ಹಿಂದೆ ಹೇಳಿದ್ದು ತಪ್ಪಾಯಿತೆಂದು ತಾಯಿಯ ಮುಂದೆ ಹೇಳಿದೆವು. ಆಕೆ, “ಅದೆಲ್ಲ ಇರಲಿ ಬಿಡಿ ಬುದ್ಧಿ, ನಾವು ಈಗ ಆ ಹೆಸರು ಹೇಳುವುದಿಲ್ಲ. ಅವನೇ ಒಂದು ಹೆಸರು ಇಟ್ಟುಕೊಂಡಿದ್ದಾನೆ” ಎಂದರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ತಂದು ತೋರಿಸಿದರು. ವೈದ್ಯರಿಗೆ ಹೇಳಲೆಂದು ಕೆಲವು ದಿನಗಳ ಚೌಕದಲ್ಲಿ ಹುಡುಗ ತಾನೇ ಬರೆದಿದ್ದ: ‘ಗದ್ದಲ’, ‘ಗದ್ದಲ ಕಡಿಮೆ’, ‘ಗದ್ದಲ ಇಲ್ಲ’. ಆ ತಿಂಗಳಲ್ಲಿ ಮೂರನೆಯದು ಹನ್ನೊಂದು ಕಡೆ ಇತ್ತು.